ಮನೆಪಟ್ಟಿಯ ಭಾರವೂ ಪೌರನ ಹಕ್ಕೂ

ಏಪ್ರಿಲ್ ತಿಂಗಳು ಹತ್ತಿರ ಬಂದಿತೆಂದರೆ ನಮ್ಮ ಊರುಗಳ ಮಧ್ಯಮವರ್ಗದ ಗೃಹಸ್ಥನಿಗೆ ಎರಡು ಚಿಂತೆಗಳು ಒಮ್ಮೆಲೇ ಹುಟ್ಟುತ್ತವೆ. ಒಂದು ಮಕ್ಕಳ ಶಾಲೆಯ ಶುಲ್ಕದ್ದು, ಇನ್ನೊಂದು ಮನೆಪಟ್ಟಿಯದು. ಮೊದಲನೆಯದನ್ನು ಕುರಿತು ಅವನು ಕಂಡಕಂಡವರೊಡನೆ ಹೇಳಿಕೊಳ್ಳುತ್ತಾನೆ. ಎರಡನೆಯದನ್ನು ಗೊಣಗುತ್ತ ತುಂಬಿ, ರಸೀತಿಯನ್ನು ಪೆಟ್ಟಿಗೆಯಲ್ಲಿಟ್ಟು, ಮುಂದಿನ ಏಪ್ರಿಲ್‌ವರೆಗೆ ಮರೆತುಬಿಡುತ್ತಾನೆ. ಈ ಗೊಣಗಾಟವೂ ಈ ಮರೆವೂ ಕೂಡಿಯೇ ನಮ್ಮ ಪೌರಜೀವನವನ್ನು ಕೆಡಿಸಿರುವವೆಂದು ನಾವು ತಿಳಿಯುತ್ತೇವೆ. ಆದುದರಿಂದ ಈ ಕರವು ಕಷ್ಟಕಾಲದಲ್ಲಿ ಹೇಗೆ ಏರಿತು, ಯಾರು ಏರಿಸಿದರು, ಅದನ್ನು ತೆರುವ ಪೌರನು ಏನು ಮಾಡಬೇಕು ಎಂಬುದನ್ನು ಈ ವಾರ ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡಬಯಸಿದ್ದೇವೆ.

2020ನೆಯ ಇಸವಿಯ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು ಕುಳಿತುದು ಯಾರಿಗೂ ಮರೆತಿರಲಾರದು. ಆ ವರುಷದ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ರಾಷ್ಟ್ರದ ಒಟ್ಟು ಉತ್ಪನ್ನವು ಹಿಂದಿನ ವರುಷದ ಅದೇ ಅವಧಿಗೆ ಹೋಲಿಸಿದರೆ ಸುಮಾರು ಶೇಕಡಾ 24ರಷ್ಟು ಕುಗ್ಗಿತು. ಅಂಗಡಿಕಾರನ ಗಲ್ಲೆ ಬರಿದಾಯಿತು. ಖಾಸಗಿ ಶಾಲೆಗಳ ಅನೇಕ ಉಪಾಧ್ಯಾಯರಿಗೆ ಅರ್ಧ ಸಂಬಳವೂ ದುರ್ಲಭವಾಯಿತು. ರಾಜ್ಯ ಸರಕಾರಗಳ ಬೊಕ್ಕಸವೂ ಒಣಗಿದುದರಿಂದ ಕೇಂದ್ರ ಸರಕಾರವು ಅದೇ ಮೇ ತಿಂಗಳಲ್ಲಿ, ರಾಜ್ಯಗಳು ತಮ್ಮ ಉತ್ಪನ್ನದ ಶೇಕಡಾ 2ರಷ್ಟು ಹೆಚ್ಚಿನ ಸಾಲವನ್ನು ಎತ್ತಬಹುದೆಂದು ಸಾರಿತು. ಆದರೆ ಅದರೊಳಗೆ ಶೇಕಡಾ 1ರಷ್ಟನ್ನು ನಾಲ್ಕು ಸುಧಾರಣೆಗಳಿಗೆ ತಲಾ 0.25ರಂತೆ ಕಟ್ಟಿಹಾಕಿತು. ಆ ನಾಲ್ಕರಲ್ಲಿ ಒಂದು ಯಾವದೆಂದರೆ, ನಗರಗಳಲ್ಲಿ ಸರಕಾರದ ಮಾರ್ಗಸೂಚಿ ದರಕ್ಕೆ ಹೊಂದುವಂತೆ ಮನೆಪಟ್ಟಿಗೆ ಕನಿಷ್ಠ ದರವನ್ನು ಗೊತ್ತುಪಡಿಸುವದು, ನೀರು ಚರಂಡಿಗಳ ಶುಲ್ಕಕ್ಕೂ ಹಾಗೆಯೇ ಮಾಡುವದು. ಹದಿನೈದನೆಯ ಹಣಕಾಸು ಆಯೋಗವೂ ಅದೇ ದಾರಿಯನ್ನು ಹಿಡಿದು, 2021ರಿಂದ ಮುಂದಿನ ಐದು ವರುಷಗಳ ತನ್ನ ಅನುದಾನವು ಬೇಕಾದರೆ ನಗರಗಳು ಮನೆಪಟ್ಟಿಯ ಕನಿಷ್ಠ ದರವನ್ನು ಪ್ರಕಟಿಸಬೇಕು, ರಾಜ್ಯದ ಉತ್ಪನ್ನವು ಬೆಳೆದಂತೆ ವಸೂಲಿಯೂ ಬೆಳೆಯಬೇಕು ಎಂದು ವಿಧಿಸಿತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಹುಬ್ಬಳ್ಳಿಯ ಗೃಹಸ್ಥನು ತನ್ನ ಮನೆಪಟ್ಟಿ ಏರಿದುದಕ್ಕೆ ಪಾಲಿಕೆಯ ಗುಮಾಸ್ತನನ್ನು ಬೈಯುತ್ತಾನೆ. ಗುಮಾಸ್ತನು ಬೆಂಗಳೂರಿನ ಆದೇಶವನ್ನು ತೋರಿಸುತ್ತಾನೆ. ಬೆಂಗಳೂರಿನವರನ್ನು ಕೇಳಿದರೆ ದಿಲ್ಲಿಯ ಕಡೆಗೆ ಬೆರಳು ಮಾಡಬಹುದು. ಸ್ಥಳಿಕ ಕರವೆಂದು ಹೆಸರಾದುದರಲ್ಲಿ ಸ್ಥಳಿಕರ ಮಾತು ಎಷ್ಟು ನಡೆಯಿತೆಂಬುದನ್ನು ಇದರ ಮೇಲಿಂದಲೇ ತಿಳಿಯಬಹುದು.

2021ರಲ್ಲಿ ನಮ್ಮ ರಾಜ್ಯದ ಪೌರಸಭೆಗಳ ಹಾಗೂ ಮಹಾನಗರ ಪಾಲಿಕೆಗಳ ಕಾಯದೆಗಳು ತಿದ್ದುಪಡಿಯಾದವು. ಮಾರ್ಗಸೂಚಿ ದರದ ಶೇಕಡಾ 25ನ್ನು ಕರಯೋಗ್ಯ ಮೌಲ್ಯವೆಂದು ಹಿಡಿದು ಅದರ ಮೇಲೆ ಪಟ್ಟಿಯನ್ನು ಹಾಕುವ ಪದ್ಧತಿ ಬಂದಿತು. ವರುಷಕ್ಕೆ ಶೇಕಡಾ 3ರಿಂದ 5ರವರೆಗಿನ ಏರಿಕೆಗೂ ಅದರಲ್ಲಿಯೇ ಆಸ್ಪದವಾಯಿತು. ಹೊಸ ಲೆಕ್ಕವು ಆರಂಭವಾದುದು 2021ರ ಏಪ್ರಿಲ್‌ನಲ್ಲಿ. ಅದೇ ತಿಂಗಳ ಕೊನೆಯಲ್ಲಿ ಸೋಂಕಿನ ಎರಡನೆಯ ಅಲೆಗೆ ಅಂಜಿ ರಾಜ್ಯವು ಮತ್ತೆ ಬಾಗಿಲು ಮುಚ್ಚಿತು. ಇದಕ್ಕಿಂತ ಅಕಾಲವಾದ ಮುಹೂರ್ತವನ್ನು ಯಾವ ಜೋಯಿಸನೂ ಹುಡುಕಿ ಕೊಡಲಾರನು!

ಈ ಲೆಕ್ಕದ ಮರ್ಮವನ್ನು ಒಂದು ಉದಾಹರಣೆಯಿಂದ ನೋಡೋಣ. ನಿವೃತ್ತ ಉಪಾಧ್ಯಾಯನೊಬ್ಬನ ಮನೆ ಹಾಗೂ ನಿವೇಶನಗಳ ಮಾರ್ಗಸೂಚಿ ಬೆಲೆಯು 40 ಲಕ್ಷ ರೂಪಾಯಿ ಎಂದು ತಿಳಿಯಿರಿ. ಅದರ ಕಾಲುಭಾಗ 10 ಲಕ್ಷ. ಊರಿನ ದರವು ಶೇಕಡಾ 0.5 ಎಂದಿಟ್ಟುಕೊಂಡರೆ ಪಟ್ಟಿಯು 5,000 ರೂಪಾಯಿ. ಅದರ ಮೇಲೆ ಆರೋಗ್ಯ ಉಪಕರ ಶೇಕಡಾ 15, ಗ್ರಂಥಾಲಯ ಉಪಕರ 6, ಭಿಕ್ಷುಕರ ಉಪಕರ 3, ಕೂಡಿ 24. ಅಂದರೆ 1,200 ರೂಪಾಯಿ. ಒಟ್ಟು 6,200 ಆಯಿತು. ಮಾರ್ಗಸೂಚಿ ಬೆಲೆಯು ಶೇಕಡಾ 30ರಷ್ಟು ಏರಿದರೆ ಅದೇ ಮನೆಗೆ 8,060 ರೂಪಾಯಿ ತೆರಬೇಕಾಗುವದು. ಈ ನಡುವೆ ಆ ಮನೆಗೆ ಒಂದು ಕಿಟಕಿಯೂ ಹೆಚ್ಚಾಗಿಲ್ಲ, ಬೀದಿಗೆ ಒಂದು ದೀಪವೂ ಹೆಚ್ಚಾಗಿಲ್ಲ.

ಇದು ಕೇವಲ ಕಲ್ಪನೆಯಲ್ಲ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲೆಲ್ಲ ಮಾರ್ಗಸೂಚಿ ದರಗಳನ್ನು ಸರಾಸರಿ ಶೇಕಡಾ 25ರಿಂದ 30ರಷ್ಟು ಏರಿಸಲಾಯಿತು. ಅದೇ ವರುಷ ಮಳೆ ಕೈಕೊಟ್ಟು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವೇ ಸಾರಬೇಕಾಯಿತು. ಹಳ್ಳಿಯು ಬಾಡಿದರೆ ಪೇಟೆಯು ಬಾಡದೆ ಇರುವದೆ? ಗದಗ, ಹಾವೇರಿ, ರಾಯಚೂರುಗಳ ಪೇಟೆಯು ನಡೆಯುವದು ಸುತ್ತಲಿನ ರೈತನ ಕೈಯಲ್ಲಿ ಹಣವಾಡಿದಾಗಲೇ. ಒಂದು ಕೈಯಿಂದ ಬರವೆಂದು ಬರೆದ ಸರಕಾರವೇ ಇನ್ನೊಂದು ಕೈಯಿಂದ ನಿನ್ನ ಮನೆಯ ಬೆಲೆ ಏರಿತೆಂದು ಬರೆಯಿತು.

ವಕೀಲರ ದೃಷ್ಟಿಯಿಂದ ನೋಡಿದರೆ ಇಲ್ಲಿ ಒಂದು ಮೂಲಭೂತವಾದ ಬದಲಾವಣೆಯಿದೆ. ಮೊದಲಿನ ಕಾಲದಲ್ಲಿ ಮನೆಪಟ್ಟಿಯ ಆಧಾರವು ವಾರ್ಷಿಕ ಬಾಡಿಗೆಯ ಮೌಲ್ಯವಾಗಿದ್ದಿತು. ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರುಷಕ್ಕೆ ಎಷ್ಟು ಬಂದೀತು ಎಂಬುದೇ ಪ್ರಶ್ನೆ. ಬಾಡಿಗೆ ನಿಯಂತ್ರಣದ ಕಾಯದೆಯು ಅನ್ವಯಿಸುವಲ್ಲಿ ಆ ಕಾಯದೆಯಂತೆ ನಿಲ್ಲುವ ಬಾಡಿಗೆಯನ್ನು ಮೀರಿ ಪಟ್ಟಿ ಹಾಕಕೂಡದೆಂದು ದಿವಾನ್ ದೌಲತ್ ರಾಯ್ ಕಪೂರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1979ರಲ್ಲಿ ನಿರ್ಣಯಿಸಿತು. ಆ ಪದ್ಧತಿಯಲ್ಲಿ ದೋಷಗಳು ಹೇರಳವಾಗಿದ್ದವು. ಪಟ್ಟಿ ಹಾಕುವ ಅಧಿಕಾರಿಯ ಮರ್ಜಿ, ಅವನ ಕೈಬೆಚ್ಚಗೆ ಮಾಡುವವನ ಚಾತುರ್ಯ ಇವೆಲ್ಲ ಅದರಲ್ಲಿ ಬೆರೆತಿದ್ದವು. 2000ದಲ್ಲಿ ಬೆಂಗಳೂರಿನಲ್ಲಿಯೂ ಅನಂತರ ಉಳಿದ ಊರುಗಳಲ್ಲಿಯೂ ಸ್ವಯಂಘೋಷಣೆಯ ಪದ್ಧತಿ ಬಂದುದರಿಂದ ಆ ಕಾಟವು ಬಹುಮಟ್ಟಿಗೆ ತಪ್ಪಿತೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಆದರೂ ಹಳೆಯ ಪದ್ಧತಿಯಲ್ಲಿ ಒಂದು ಗುಣವಿದ್ದಿತು: ಕರವು ಆದಾಯದ ಗಾಳಿಯನ್ನಾದರೂ ಸೋಕಿಸಿಕೊಂಡಿರುತ್ತಿತ್ತು. ಕಾಲ ಕೆಟ್ಟರೆ ಬಾಡಿಗೆ ಇಳಿಯುವದು, ಬಾಡಿಗೆ ಇಳಿದರೆ ಪಟ್ಟಿಯನ್ನು ಇಳಿಸಿರೆಂದು ಕೇಳಲು ನೆಲೆಯಿರುವದು. ಮಾರ್ಗಸೂಚಿ ದರವಾದರೋ ನೋಂದಣಿ ಕಚೇರಿಯಲ್ಲಿ ಮುದ್ರಾಶುಲ್ಕ ತಪ್ಪಿಸುವವರನ್ನು ಹಿಡಿಯಲೆಂದು ಹುಟ್ಟಿದ ದರ. ಅದು ಮಾರಾಟದ ಬೆಲೆ. ಮನೆಯನ್ನು ಮಾರಿದ ದಿನ ಮಾತ್ರ ಆ ಹಣವು ಕೈಗೆ ಬರುವದು. ಮಾರದೆ ಅದರಲ್ಲಿಯೇ ವಾಸಿಸುವವನಿಗೆ ಅದು ಕನ್ನಡಿಯೊಳಗಿನ ಗಂಟು. ಕನ್ನಡಿಯ ಗಂಟಿನ ಮೇಲೆ ವರುಷ ವರುಷವೂ ರೊಕ್ಕದ ಪಟ್ಟಿಯನ್ನು ತೆರಿರೆಂದರೆ ಪಿಂಚಣಿದಾರನೂ ವಿಧವೆಯೂ ಎಲ್ಲಿಂದ ತರಬೇಕು?

ಇನ್ನೊಂದು ವಿಷಯವು ಇದಕ್ಕಿಂತಲೂ ಗಂಭೀರವಾದುದು. ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಚುನಾಯಿತ ಸಭೆಯ ಅವಧಿಯು 2019ರ ಮಾರ್ಚ್‌ನಲ್ಲಿ ತೀರಿತು. ಮುಂದಿನ ಚುನಾವಣೆ ನಡೆದುದು 2021ರ ಸೆಪ್ಟೆಂಬರ್ 3ರಂದು. ಮೇಯರರ ಆಯ್ಕೆಯು 2022ರ ಮೇ ತಿಂಗಳಲ್ಲಿ. ಬೆಳಗಾವಿ ಕಲಬುರಗಿಗಳಿಗೂ ಅದೇ ದಿನ ಮತದಾನವಾದರೂ ಅಲ್ಲಿ ಮೇಯರರು ಪೀಠವೇರಿದುದು 2023ರಲ್ಲಿ. ಅಂದರೆ ಹೊಸ ಪಟ್ಟಿಯು ಜನರ ತಲೆಯ ಮೇಲೆ ಬಂದ 2021ರ ಏಪ್ರಿಲ್‌ನಲ್ಲಿ ಉತ್ತರ ಕರ್ನಾಟಕದ ಈ ಮೂರು ಮಹಾನಗರಗಳಲ್ಲಿ ಅದರ ಬಗ್ಗೆ ಬಾಯಿ ತೆರೆಯತಕ್ಕ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಸಭೆಯ ಅಧಿಕಾರವೆಲ್ಲ ಸರಕಾರವು ನೇಮಿಸಿದ ಆಡಳಿತಾಧಿಕಾರಿಯ ಕೈಯಲ್ಲಿದ್ದಿತು. ಬೆಂಗಳೂರಿನ ಸ್ಥಿತಿಯು ಇನ್ನೂ ಶೋಚನೀಯ. ಅಲ್ಲಿಯ ಸಭೆಯ ಅವಧಿಯು 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಐದು ವರುಷಗಳು ಚುನಾವಣೆಯಿಲ್ಲದೆ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆಯಲಾಯಿತು.

ಪೌರಸಭೆಯ ಅವಧಿಯು ಐದು ವರುಷ, ಅದಕ್ಕೂ ಹೆಚ್ಚಲ್ಲ, ಅವಧಿ ಮುಗಿಯುವದರೊಳಗಾಗಿಯೇ ಚುನಾವಣೆಯು ಪೂರ್ಣವಾಗಬೇಕು ಎಂದು ಸಂವಿಧಾನದ 243-ಯು ಅನುಚ್ಛೇದವು ಸ್ಪಷ್ಟವಾಗಿ ಹೇಳುತ್ತದೆ. 1993ರ ಜೂನ್ 1ರಿಂದ ಜಾರಿಯಲ್ಲಿರುವ ಈ ವಿಧಿಯನ್ನು ವಾರ್ಡುಗಳ ವಿಂಗಡಣೆ, ಮೀಸಲಾತಿಯ ಪಟ್ಟಿ, ಕೋರ್ಟಿನ ವ್ಯಾಜ್ಯ ಎಂಬ ನೆವಗಳಿಂದ ಯಾವ ಪಕ್ಷದ ಸರಕಾರವೂ ಗೌರವಿಸಿಲ್ಲ. ನಮ್ಮ ಹಿರಿಯರ ಕಾಲದಲ್ಲಿ ಬೇರೆ ಬೇರೆ ಆಳಿಕೆಗಳಲ್ಲಿ ಹರಿದುಹೋಗಿದ್ದ ಕನ್ನಡ ಊರುಗಳಿಗೆ ಮುಂಬಯಿಯದೊಂದು, ಮೈಸೂರಿನದೊಂದು, ಹೈದರಾಬಾದಿನದೊಂದು, ಮದರಾಸಿನದೊಂದು ಪೌರಕಾಯದೆಯಿದ್ದಿತು. 1956ರ ಏಕೀಕರಣದ ತರುವಾಯ 1964ರ ಕಾಯದೆಯು ಇವೆಲ್ಲವನ್ನೂ ಒಂದು ಮಾಡಿತು. ಬೀದರಿಗೂ ಕಾರವಾರಕ್ಕೂ ಕೊಳ್ಳೇಗಾಲಕ್ಕೂ ಒಂದೇ ಪೌರನೀತಿ ದೊರೆತುದು ಸಣ್ಣ ಲಾಭವಲ್ಲ. ಆದರೆ ಒಂದಾದ ನಾಡಿನಲ್ಲಿ ಊರಿನ ಅಧಿಕಾರವು ಊರಿಗೆ ಬರುವ ಬದಲು ಒಂದೇ ರಾಜಧಾನಿಯಲ್ಲಿ ಶೇಖರವಾಗಲೆಂದು ಏಕೀಕರಣಕ್ಕಾಗಿ ದುಡಿದವರಾರೂ ಬಯಸಿರಲಿಲ್ಲ.

ಇಷ್ಟನ್ನು ಓದಿದ ಕೆಲವರು, ಹಾಗಾದರೆ ಪಟ್ಟಿಯನ್ನು ತೆರುವದನ್ನೇ ನಿಲ್ಲಿಸೋಣ, ಕರನಿರಾಕರಣೆಯು ನಮ್ಮ ನಾಡಿಗೆ ಹೊಸತೇನು ಎಂದು ಕೇಳಿಯಾರು. ಹೊಸತಲ್ಲ. 1930ರ ಸುಮಾರಿಗೆ ಜಗತ್ತಿಗೆಲ್ಲ ಬಂದ ಆರ್ಥಿಕ ಮುಗ್ಗಟ್ಟಿನಲ್ಲಿ ಧಾರಣೆಗಳು ಕುಸಿದವು, ಕಂದಾಯವು ಮಾತ್ರ ಇದ್ದಲ್ಲಿಯೇ ಇದ್ದಿತು. ಅಂಕೋಲೆಯ ಹಾಗೂ ಸಿದ್ದಾಪುರದ ರೈತರು ಸ್ವಾತಂತ್ರ್ಯ ಸಂಗ್ರಾಮದ ಅಂಗವಾಗಿ ಕರವನ್ನು ನಿರಾಕರಿಸಿ ಹೊಲ ಮನೆ ದನಕರುಗಳನ್ನು ಜಪ್ತಿಗೆ ಬಿಟ್ಟುಕೊಟ್ಟರು. ಮುಟ್ಟುಗೋಲಾದ ಭೂಮಿಯನ್ನು ಮರಳಿಸಲು 1938ರಲ್ಲಿ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲವು ಕಾಯದೆಯನ್ನೇ ಮಾಡಬೇಕಾಯಿತು. ಆದರೆ ಅವರು ನಿರಾಕರಿಸಿದುದು ತಮ್ಮದಲ್ಲದ ಸರಕಾರದ ಕರವನ್ನು. ಪೌರಸಭೆಯು, ಅದು ಎಷ್ಟೇ ಕೆಟ್ಟಿರಲಿ, ನಮ್ಮದು. ಅದಕ್ಕೆ ಪಟ್ಟಿಯನ್ನು ಕೊಡದಿದ್ದರೆ ದಿಲ್ಲಿಗೂ ಬೆಂಗಳೂರಿಗೂ ನೋವಾಗುವದಿಲ್ಲ. ಮೊದಲು ನಿಲ್ಲುವದು ನಸುಕಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕನ ಪಗಾರ, ಆಮೇಲೆ ನಮ್ಮ ಓಣಿಯ ನಳದ ನೀರು.

ಬಾರ್ಡೋಲಿಯ ದೃಷ್ಟಾಂತವು ಇಲ್ಲಿ ಹೆಚ್ಚು ಉಪಯುಕ್ತವೆಂದು ನಮಗೆ ತೋರುತ್ತದೆ. ಅಲ್ಲಿ ಸರಕಾರವು ಕಂದಾಯವನ್ನು ಶೇಕಡಾ 22ರಷ್ಟು ಏರಿಸಿತು. 1928ರ ಸತ್ಯಾಗ್ರಹದ ಬೇಡಿಕೆಯು ಕರವೇ ಬೇಡವೆಂದಲ್ಲ, ಲೆಕ್ಕವನ್ನು ನಿಷ್ಪಕ್ಷಪಾತವಾಗಿ ವಿಚಾರಣೆ ಮಾಡಿರೆಂದು. ವಿಚಾರಣೆಯಾದಾಗ ನ್ಯಾಯವಾದ ಏರಿಕೆಯು ಸುಮಾರು ಶೇಕಡಾ 6 ಎಂದು ಸರಕಾರದ ಅಧಿಕಾರಿಗಳಿಬ್ಬರೇ ವರದಿ ಕೊಟ್ಟರು. ಆ ಹೋರಾಟದ ನಾಯಕರಾದ ವಲ್ಲಭಭಾಯಿ ಪಟೇಲರು 1924ರಿಂದ 1928ರವರೆಗೆ ಅಹಮದಾಬಾದಿನ ಪೌರಸಭೆಯ ಅಧ್ಯಕ್ಷರಾಗಿದ್ದವರು, ಊರಿನಿಂದ ಪಟ್ಟಿ ಎತ್ತಿ ಊರನ್ನು ನಡೆಸಿದವರು. ಕರವನ್ನು ಎತ್ತುವದು ಹೇಗೆಂದು ಬಲ್ಲವನೇ ಅನ್ಯಾಯದ ಕರವನ್ನು ಅಂಕಿಗಳಿಂದ ಎದುರಿಸಬಲ್ಲನು.

ಆದುದರಿಂದ ಅಂಕಿಗಳಿಗೇ ಬರೋಣ. ನಮ್ಮ ದೇಶದ ನಗರಗಳು ಮನೆಪಟ್ಟಿಯಿಂದ ಪಡೆಯುವ ಆದಾಯವು ಅಲ್ಪವೆಂದು ಆರ್ಥಿಕ ಪಂಡಿತರು ಹೇಳುವದು ನಿಜ. ಆದರೆ ಅಲ್ಪವಾಗಿರುವದು ಏತಕ್ಕೆ? 2016–17ರ ಕೇಂದ್ರ ಆರ್ಥಿಕ ಸಮೀಕ್ಷೆಯು ಉಪಗ್ರಹದ ಚಿತ್ರಗಳ ಆಧಾರದಿಂದ, ಬೆಂಗಳೂರು ಮತ್ತು ಜಯಪುರಗಳು ತಾವು ಎತ್ತಬಹುದಾದ ಮನೆಪಟ್ಟಿಯ ಶೇಕಡಾ 5ರಿಂದ 20ರಷ್ಟನ್ನು ಮಾತ್ರ ಎತ್ತುತ್ತಿವೆ ಎಂದು ತೋರಿಸಿತು. ಉಳಿದುದೆಲ್ಲ ಎಲ್ಲಿ? ಪಟ್ಟಿಯ ಪುಸ್ತಕಕ್ಕೇ ಬಾರದ ಕಟ್ಟಡಗಳಲ್ಲಿ, ಎರಡು ಅಂತಸ್ತೆಂದು ಬರೆಯಿಸಿ ನಾಲ್ಕು ಕಟ್ಟಿದ ಮಹಲುಗಳಲ್ಲಿ, ವಾಸದ ಮನೆಯೆಂದು ತೋರಿಸಿ ಮಂಗಲ ಕಾರ್ಯಾಲಯ ನಡೆಸುವಲ್ಲಿ. ಅನಧಿಕೃತ ಬಡಾವಣೆಗಳನ್ನೂ ಪಟ್ಟಿಗೆ ತರಲು 2024ರಲ್ಲಿ ಕಾಯದೆಯ ತಿದ್ದುಪಡಿಯಾಗಿ, 2025ರಲ್ಲಿ ‘ಬಿ’ ಖಾತೆ ಕೊಡುವ ಆಂದೋಲನವು ರಾಜ್ಯದಲ್ಲೆಲ್ಲ ನಡೆಯಿತು. ಇದು ಬೇಕಾದ ಕೆಲಸವೇ. ಆದರೆ ಕ್ರಮವು ತಲೆಕೆಳಗಾಯಿತು. ಹೊರಗೆ ನಿಂತವನನ್ನು ಮೊದಲು ಒಳಗೆ ಕರೆದು, ಭಾರವನ್ನು ಹಂಚಿ, ಸಾಲದಿದ್ದರೆ ದರವನ್ನು ಏರಿಸಬೇಕಾಗಿತ್ತು. ಮೊದಲಿನಿಂದಲೂ ಪ್ರಾಮಾಣಿಕವಾಗಿ ತೆತ್ತವನ ಪಟ್ಟಿಯು ಮೂರು ವರುಷ ಮೊದಲೇ ಏರಿತು.

ಕೇಂದ್ರ ಸರಕಾರದ ಆಸ್ತಿಗಳ ಮಾತು ಬೇರೆ. ಸಂವಿಧಾನದ 285ನೆಯ ಅನುಚ್ಛೇದದಂತೆ ಅವುಗಳ ಮೇಲೆ ಮನೆಪಟ್ಟಿ ಹಾಕಲು ಬಾರದು. ಆದರೂ ಅವು ಪಡೆಯುವ ಸೌಕರ್ಯಗಳಿಗೆ ತಕ್ಕಂತೆ ಪಟ್ಟಿಯ ಮೂರನೆಯ ಒಂದು ಭಾಗದಿಂದ ಮುಕ್ಕಾಲು ಭಾಗದವರೆಗೆ ಸೇವಾಶುಲ್ಕವನ್ನು ಕೊಡತಕ್ಕದ್ದೆಂದು ರಾಜಕೋಟೆಯ ಪಾಲಿಕೆಯ ಪ್ರಕರಣದಲ್ಲಿ 2009ರಲ್ಲಿಯೇ ಸುಪ್ರೀಂ ಕೋರ್ಟಿನಲ್ಲಿ ನಿಶ್ಚಯವಾಗಿದೆ. ಹುಬ್ಬಳ್ಳಿಯಂಥ ರೇಲ್ವೆಯ ಊರಿನಲ್ಲಿ ಈ ಬಾಬಿನಿಂದ ವರುಷಕ್ಕೆ ಎಷ್ಟು ಬರುತ್ತದೆಂದು ಸದಸ್ಯರು ಸಭೆಯಲ್ಲಿ ಕೇಳಬೇಡವೆ?

ಗೃಹಸ್ಥನು ತನ್ನ ಮಟ್ಟಿಗೆ ಮಾಡಬೇಕಾದುದೂ ಕೆಲವು ಇದೆ. ಏಪ್ರಿಲ್ ತಿಂಗಳೊಳಗೆ ತುಂಬಿದವರಿಗೆ ಶೇಕಡಾ 5ರ ರಿಯಾಯಿತಿಯಿದೆ. ಮೇ ಜೂನ್ ತಿಂಗಳುಗಳಲ್ಲಿ ದಂಡವಿಲ್ಲ. ಜುಲೈಯಿಂದ ತಿಂಗಳಿಗೆ ಶೇಕಡಾ 2. ವರುಷಕ್ಕೆ 24 ಆಯಿತು. ಸಾಹುಕಾರನೂ ನಾಚುವ ಬಡ್ಡಿ. ಮೇಲೆ ಹೇಳಿದ 6,200ರ ಪಟ್ಟಿಯನ್ನು ಮಾರ್ಚ್ ಕೊನೆಯವರೆಗೆ ತಡೆದರೆ ಒಂಬತ್ತು ತಿಂಗಳಿಗೆ 1,116 ರೂಪಾಯಿ ದಂಡ ಬೀಳುವದು. ಕೈ ಬಿಗಿಯಾದ ವರುಷದಲ್ಲಿ ಸಂಘದಿಂದ ಕಡಿಮೆ ಬಡ್ಡಿಯ ಕೈಗಡ ತಂದಾದರೂ ಏಪ್ರಿಲ್‌ನಲ್ಲಿ ತುಂಬುವದೇ ಲಾಭಕರ. ತುಂಬುವ ಮೊದಲು ಅಳತೆಯನ್ನೂ, ಕಟ್ಟಡದ ವಯಸ್ಸನ್ನೂ, ನಿಮ್ಮ ಬೀದಿಗೆ ಹಚ್ಚಿದ ಮಾರ್ಗಸೂಚಿ ದರವನ್ನೂ ತಾಳೆ ನೋಡಿರಿ. ಹೆದ್ದಾರಿಯ ಮೇಲಿನ ದರವನ್ನು ಹಿಂದಿನ ಓಣಿಗೆ ಹಚ್ಚಿದ್ದರೆ, ಮೂವತ್ತು ವರುಷದ ಮನೆಗೆ ಹೊಸ ಮನೆಯ ಬೆಲೆ ಕಟ್ಟಿದ್ದರೆ ಲಿಖಿತ ತಕರಾರನ್ನು ಕೊಟ್ಟು ಅದರ ಪೋಚನ್ನು ಪಡೆಯಿರಿ. ಬಾಯಿಮಾತಿನ ತಕರಾರು ಕಚೇರಿಯ ಬಾಗಿಲನ್ನು ದಾಟಲಾರದು. ಒಂದು ಓಣಿಯಲ್ಲಿ ಲೆಕ್ಕ ಬಲ್ಲ ಒಬ್ಬ ಉಪಾಧ್ಯಾಯನಿದ್ದರೆ ಇಪ್ಪತ್ತು ಮನೆಗಳ ಪಟ್ಟಿಯನ್ನು ಒಂದು ರವಿವಾರದಲ್ಲಿ ನೋಡಿಕೊಡಬಲ್ಲನು. ಈ ಸೇವೆಗೆ ಶಿಕ್ಷಕವರ್ಗವು ಮುಂದಾಗಬೇಕೆಂದು ನಮ್ಮ ವಿನಂತಿ.

ಸದಸ್ಯರಿಂದ ನಾವು ಬೇಡುವದೂ ಅಸಾಧ್ಯವಾದುದಲ್ಲ. ತಾನೇ ವಾಸಿಸುವ ಒಂದೇ ಮನೆಯುಳ್ಳವನ ಪಟ್ಟಿಯು ಒಂದು ವರುಷದಲ್ಲಿ ಇಷ್ಟಕ್ಕಿಂತ ಹೆಚ್ಚು ಏರಕೂಡದೆಂಬ ಮಿತಿಯು ಕಾಯದೆಯಲ್ಲಿ ಬರಬೇಕು. ಬರ ಅಥವಾ ಸೋಂಕು ಸಾರಲ್ಪಟ್ಟ ವರುಷದಲ್ಲಿ ತಿಂಗಳಿಗೆ ಶೇಕಡಾ 2ರ ದಂಡವು ತಾನಾಗಿಯೇ ನಿಲ್ಲಬೇಕು. ಅದಕ್ಕಾಗಿ ಪ್ರತಿ ಸಲ ಮಂತ್ರಿಗಳ ಮನೆಗೆ ಅರ್ಜಿ ಹೊತ್ತು ಹೋಗುವಂತಿರಬಾರದು. ಚುನಾಯಿತ ಸಭೆಯಿಲ್ಲದ ಅವಧಿಯಲ್ಲಿ ಆಡಳಿತಾಧಿಕಾರಿಯು ದರವನ್ನು ಮುಟ್ಟಲಾಗದೆಂದೂ ಆಗಬೇಕು. ಈ ಕೊನೆಯ ಕಲಮು ಒಂದಿದ್ದರೆ ಸರಕಾರಕ್ಕೆ ಚುನಾವಣೆಯನ್ನು ಮುಂದೂಡುವ ಉತ್ಸಾಹವು ಬಹಳ ಮಟ್ಟಿಗೆ ಇಳಿದೀತು. ವಾರ್ಡು ಸಮಿತಿಗಳೆಂಬ ಏರ್ಪಾಡು ಕಾಯದೆಯಲ್ಲಿದ್ದೂ ಬಹಳ ಊರುಗಳಲ್ಲಿ ಕಾಗದದ ಮೇಲೆಯೇ ಉಳಿದಿದೆ. ತೆತ್ತ ಪಟ್ಟಿಯಲ್ಲಿ ತಮ್ಮ ವಾರ್ಡಿಗೆ ಎಷ್ಟು ಮರಳಿತೆಂದು ಪೌರರು ಕೇಳಲು ಅದಕ್ಕಿಂತ ಹತ್ತಿರದ ಜಾಗವಿಲ್ಲ.

ಉಪಕರಗಳ ಬಗ್ಗೆ ಒಂದು ಮಾತು. ಗ್ರಂಥಾಲಯಕ್ಕೆಂದು ನಾವು ಪ್ರತಿ ನೂರು ರೂಪಾಯಿ ಪಟ್ಟಿಗೆ ಆರು ರೂಪಾಯಿ ತೆರುತ್ತೇವೆ. 1965ರ ಕಾಯದೆಯಂತೆ ಅದು ಗ್ರಂಥಾಲಯಗಳಿಗೆ ಸಲ್ಲಬೇಕಾದ ಹಣ. ಬೆಂಗಳೂರು ಮೊದಲಾಗಿ ಅನೇಕ ಸ್ಥಳಿಕ ಸಂಸ್ಥೆಗಳು ಅದನ್ನು ಜನರಿಂದ ಎತ್ತಿ, ಗ್ರಂಥಾಲಯ ಇಲಾಖೆಗೆ ಮುಟ್ಟಿಸದೆ ಬಾಕಿ ಇಟ್ಟುಕೊಂಡುದು ಬಹಿರಂಗ ವಿಷಯ. ಒಂದು ಕಡೆ ನಮ್ಮ ಊರಿನ ವಾಚನಾಲಯದಲ್ಲಿ ಹೊಸ ಪುಸ್ತಕವಿಲ್ಲ, ಮಾಡು ಸೋರುತ್ತದೆ. ಇನ್ನೊಂದು ಕಡೆ ಅದರ ಹೆಸರಿನಲ್ಲಿ ಎತ್ತಿದ ಹಣವು ಬೇರೆ ಬಾಬಿಗೆ ಕರಗುತ್ತದೆ. 2005ರ ಮಾಹಿತಿ ಹಕ್ಕಿನ ಕಾಯದೆಯ ಮೇರೆಗೆ ಹತ್ತು ರೂಪಾಯಿಯ ಒಂದು ಅರ್ಜಿಯಿಂದ ಕಳೆದ ಐದು ವರುಷಗಳಲ್ಲಿ ಈ ಉಪಕರವು ಎಷ್ಟು ವಸೂಲಾಯಿತು, ಎಷ್ಟು ಇಲಾಖೆಗೆ ಸಂದಿತು ಎಂದು ಯಾವ ಪೌರನೂ ಕೇಳಬಹುದು. ಹುಬ್ಬಳ್ಳಿ, ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಕಾರವಾರಗಳ ವಾಚಕರು ಬರುವ ಏಪ್ರಿಲ್‌ನಲ್ಲಿ ಪಟ್ಟಿಯನ್ನು ತುಂಬಿದ ದಿನವೇ ಈ ಅರ್ಜಿಯನ್ನೂ ಕೊಟ್ಟು ಬರಲಿ. ಬಂದ ಉತ್ತರಗಳನ್ನು ನಮಗೆ ಕಳುಹಿಸಿದರೆ ಊರಿನ ಹೆಸರು ಸಹಿತ ಈ ಪುಟಗಳಲ್ಲಿ ಅಚ್ಚುಮಾಡುವೆವು.